ಮಂಜುಗಡ್ಡೆ, ಗಿನಿಪಿಗ್ ಮತ್ತು ನನ್ನ ಹಳೇ ರೆಕಾರ್ಡು ಬುಕ್ಕು

ಮೊನ್ನೆ ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡುವಾಗ ಕಾಲೇಜಿನ ಕೆಮಿಸ್ಟ್ರಿ ರೆಕಾರ್ಡು ಬುಕ್ಕು ಸಿಕ್ಕಿತು. ಬ್ರೌನ್ ಪೇಪರಿನ ಹೊದಿಕೆ, ಒಳಗೆ ಮುತ್ತಿನಂಥ ಅಕ್ಷರ (ಆಗ ಇತ್ತು, ನಂಬಿ!). ಪುಟ ತಿರುವುತ್ತಾ ಒಂದು ಪ್ರಯೋಗದ ಹತ್ತಿರ ನಿಂತುಬಿಟ್ಟೆ. ಥರ್ಮೋಕೋಲ್ ಲೋಟದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಅದಕ್ಕೆ ಕಾಸ್ಟಿಕ್ ಸೋಡಾ ದ್ರಾವಣ. ಥರ್ಮಾಮೀಟರ್ ಎಷ್ಟು ಡಿಗ್ರಿ ಏರಿತು ಅಂತ ನೋಡಿ, ಹೊರಬಂದ ಶಾಖ ಎಷ್ಟು ಅಂತ ಲೆಕ್ಕ ಹಾಕುವುದು. ಪುಸ್ತಕದ ಉತ್ತರ ಒಂದು ಮೋಲಿಗೆ ಸುಮಾರು 57 ಕಿಲೋಜೂಲ್. ನನ್ನ ರೆಕಾರ್ಡಿನಲ್ಲೂ ಅಚ್ಚುಕಟ್ಟಾಗಿ 57!

ಈಗ ನಿಜ ಹೇಳಿಬಿಡ್ತೀನಿ. ನನಗೆ ಬಂದಿದ್ದು 51. ಲೋಟ, ಗಾಳಿ, ಥರ್ಮಾಮೀಟರ್ ಎಲ್ಲವೂ ತಮ್ಮ ತಮ್ಮ ಪಾಲಿನ ಶಾಖ ಹೊಡೆದುಕೊಂಡಿದ್ದವು. ಅದನ್ನು ಹಾಗೇ ಬರೆಯುವ ಬದಲು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ 'ಕುಕ್' ಮಾಡಿದ್ದೆ. ಹತ್ತಕ್ಕೆ ಹತ್ತು ಮಾರ್ಕ್ಸು.

ಆ ಪುಟ ನೋಡುತ್ತಿದ್ದ ಹಾಗೆ ನೆನಪಾದವರು ರಾಸಾಯನಿಕ ಕ್ರಿಯೆಯ ಶಾಖವನ್ನು ಮೊದಮೊದಲು ಅಳೆಯಲು ಹೊರಟ ಇಬ್ಬರು ಫ್ರೆಂಚರು. ಒಬ್ಬ ರಸಾಯನಶಾಸ್ತ್ರಜ್ಞ ಲವಾಸಿಯೇ, ಇನ್ನೊಬ್ಬ ಗಣಿತಜ್ಞ ಲಾಪ್ಲಾಸ್. 1782-83ರ ಚಳಿಗಾಲ, ಪ್ಯಾರಿಸ್.

ಅವರ ಉಪಾಯ ಬಹಳ ಸರಳ. ಕರಗುತ್ತಿರುವ ಮಂಜುಗಡ್ಡೆಗೆ ಎಷ್ಟೇ ಶಾಖ ಕೊಟ್ಟರೂ, ಪೂರ್ತಿ ಕರಗುವ ತನಕ ಅದರ ತಾಪಮಾನ ಸೊನ್ನೆಯ ಮೇಲೆ ಏರುವುದಿಲ್ಲ. ನಾವು ಶಾಲೆಯಲ್ಲಿ 'ಗುಪ್ತೋಷ್ಣ' ಅಂತ ಉರು ಹೊಡೆದದ್ದು ಇದನ್ನೇ. ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ 1760ರ ದಶಕದ ಆರಂಭದಲ್ಲೇ ಇದನ್ನು ಕಂಡುಕೊಂಡಿದ್ದ. ಹಾಗಾದರೆ ಥರ್ಮಾಮೀಟರಿನ ತಂಟೆಯೇ ಬೇಡ, ಎಷ್ಟು ಮಂಜು ಕರಗಿತು ಅಂತ ನೀರನ್ನು ತೂಗಿದರಾಯಿತು!

ಅದಕ್ಕೆ ಒಂದರೊಳಗೊಂದು ಕೂತ ಮೂರು ಅಂಕಣಗಳ ಪಾತ್ರೆ ಮಾಡಿಸಿದರು. ನಡುವೆ ತಂತಿಯ ಬುಟ್ಟಿ, ಅಳೆಯಬೇಕಾದ ವಸ್ತು ಅದರಲ್ಲಿ. ಅದರ ಸುತ್ತ ಮಂಜುಗಡ್ಡೆ; ಇದು ಕರಗಿದ ನೀರು ಕೆಳಗಿನ ನಲ್ಲಿಯಿಂದ ಹೊರಕ್ಕೆ. ಅದರಾಚೆ ಇನ್ನೊಂದು ಸುತ್ತು ಮಂಜುಗಡ್ಡೆ; ಇದರ ಕೆಲಸ ಕಾವಲು, ಕೋಣೆಯ ಶಾಖ ಒಳಗೆ ನುಗ್ಗದಂತೆ ತಡೆಯುವುದು. ಮುಂದೆ 1789ರ ತನ್ನ ಪುಸ್ತಕದಲ್ಲಿ ಲವಾಸಿಯೇ ಇದನ್ನು 'ಕ್ಯಾಲೊರಿಮೀಟರ್' ಅಂತ ಕರೆದ. ಅರ್ಧ ಲ್ಯಾಟಿನ್, ಅರ್ಧ ಗ್ರೀಕ್ ಬೆರೆಸಿದ್ದಕ್ಕೆ ಅಲ್ಲೇ ತಪ್ಪೊಪ್ಪಿಗೆಯನ್ನೂ ಬರೆದ. ಕಂಗ್ಲಿಷ್ ಬರೆದು ಬೈಸಿಕೊಳ್ಳುವ ನಮಗೆ ಎಂಥ ಸಮಾಧಾನ ನೋಡಿ!

ಆ ಬುಟ್ಟಿಯಲ್ಲಿ ಅವರು ಇದ್ದಿಲು ಉರಿಸಿದರು. ಒಂದು ಗಿನಿಪಿಗ್ಗನ್ನೂ ಕೂರಿಸಿದರು. ಉಸಿರಾಟವೂ ಒಂದು ಬಗೆಯ ನಿಧಾನವಾದ ಉರಿಯೇ, ಇದ್ದಿಲು ಉರಿದ ಹಾಗೆಯೇ ಅಂತ ಲವಾಸಿಯೇಗೆ ಅನುಮಾನ. ಹಾಗಿದ್ದರೆ ಎರಡರಿಂದಲೂ ಒಂದೇ ಪ್ರಮಾಣದ ಇಂಗಾಲದ ಡೈಆಕ್ಸೈಡ್ ಬಂದಾಗ ಕರಗುವ ಮಂಜೂ ಒಂದೇ ಆಗಿರಬೇಕಲ್ಲ?

ಆಗಲಿಲ್ಲ! ಹತ್ತು ಗಂಟೆಯ ಲೆಕ್ಕದಲ್ಲಿ ಗಿನಿಪಿಗ್ ಸುಮಾರು 13 ಔನ್ಸ್ ಮಂಜು ಕರಗಿಸಿತ್ತು. ಅದು ಹೊರಬಿಟ್ಟ ಡೈಆಕ್ಸೈಡಿಗೆ ಇದ್ದಿಲಿನ ಲೆಕ್ಕದ ಪ್ರಕಾರ ಕರಗಬೇಕಾಗಿದ್ದದ್ದು ಸುಮಾರು 10.4 ಔನ್ಸ್. ನನ್ನ 51-57ಕ್ಕಿಂತ ದೊಡ್ಡ ಅಂತರ. ಅವರು ಏನು ಮಾಡಿದರು? ಎರಡೂ ಅಂಕಿಗಳನ್ನು ಹಾಗೇ ಬರೆದು, ವ್ಯತ್ಯಾಸ ಯಾಕೆ ಬಂದಿರಬಹುದು ಅಂತ ಚರ್ಚಿಸಿದರು. ಚಳಿಗೆ ಪ್ರಾಣಿಯ ಮೈಯೇ ಒಂದಷ್ಟು ತಣ್ಣಗಾಗಿರುತ್ತದೆ, ಆ ಶಾಖವೂ ಮಂಜಿಗೆ ಸೇರಿರುತ್ತದೆ ಅನ್ನುವುದು ಒಂದು ಕಾರಣ. ದೇಹದಲ್ಲಿ ಇಂಗಾಲದ ಜತೆ ಹೈಡ್ರೋಜನ್ನೂ ಉರಿದು ನೀರಾಗುತ್ತದೆ ಅನ್ನುವುದು ಲವಾಸಿಯೇಗೆ ಹೊಳೆದದ್ದು ಆಮೇಲೆ. ಆ ಅಂಕಿಗಳನ್ನು ತಿದ್ದಿ ಹೊಂದಿಸಿದ್ದರೆ ಇಂಥ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

1783ರ ಅವರ ಪ್ರಬಂಧದಲ್ಲಿ ನನಗೆ ಅತಿ ಇಷ್ಟವಾದ ಮಾತು ಇನ್ನೊಂದಿದೆ. ಶಾಖ ಅಂದರೆ ಏನು? ಒಂದು ಸೂಕ್ಷ್ಮ ದ್ರವ ಅಂತ ಕೆಲವರು, ಕಣಗಳ ಚಲನೆ ಅಂತ ಇನ್ನು ಕೆಲವರು. ಎರಡನ್ನೂ ಮುಂದಿಟ್ಟು, ಯಾವುದು ಸರಿ ಅಂತ ತೀರ್ಪು ಕೊಡದೆ, ಯಾವುದೇ ನಿಜವಾದರೂ ನಮ್ಮ ಅಳತೆ ನಿಲ್ಲುತ್ತದೆ ಅಂದರು. ಲವಾಸಿಯೇ ಸ್ವತಃ ದ್ರವದ ಪಕ್ಷ. 1789ರ ಮೂಲವಸ್ತುಗಳ ಪಟ್ಟಿಯಲ್ಲಿ ಆಮ್ಲಜನಕದ ಜತೆಗೇ 'ಕ್ಯಾಲೊರಿಕ್' ಅನ್ನುವ ಶಾಖದ್ರವ್ಯವನ್ನೂ ಸೇರಿಸಿದ್ದ!

ಆ ನಂಬಿಕೆ ಉಳಿಯಲಿಲ್ಲ. 1798ರಲ್ಲಿ ರಮ್‌ಫರ್ಡ್ ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವಾಗ ಹುಟ್ಟುವ ಶಾಖಕ್ಕೆ ಕೊನೆಯೇ ಇಲ್ಲ ಅಂತ ತೋರಿಸಿದ. 1840ರ ದಶಕದಲ್ಲಿ ಜೂಲ್ ಕೆಲಸಕ್ಕೂ ಶಾಖಕ್ಕೂ ಲೆಕ್ಕ ಹೊಂದಿಸಿದ. ಕ್ಯಾಲೊರಿಕ್ ಸತ್ತಿತು. ಆದರೆ ಅಳತೆ? ಒಂದು ಪೌಂಡ್ ಇದ್ದಿಲು ಉರಿದರೆ ಸುಮಾರು 96 ಪೌಂಡ್ ಮಂಜು ಕರಗುತ್ತದೆ ಅಂದಿದ್ದ ಲವಾಸಿಯೇ. ಇಂದಿನ ಅಂಕಿ ಹಿಡಿದು ಶುದ್ಧ ಇಂಗಾಲಕ್ಕೆ ನಾನೇ ಲೆಕ್ಕ ಹಾಕಿ ನೋಡಿದೆ: 98!

ಯಂತ್ರದಲ್ಲಿ ದೋಷ ಇರಲಿಲ್ಲ ಅಂತಲ್ಲ. ಕರಗಿದ ನೀರು ಗಡ್ಡೆಗಳ ಸಂದಿಯಲ್ಲೇ ಅಂಟಿಕೊಂಡು ಪೂರ್ತಿ ಕೆಳಗೆ ಇಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಪಿಂಗಾಣಿ ತಯಾರಕ ವೆಜ್‌ವುಡ್ ಇದೇ ದಾರಿ ಹಿಡಿದು ಪೇಚಾಡಿ, ಆ ಕಷ್ಟವನ್ನು 1784ರಲ್ಲಿ ಬರೆದಿಟ್ಟ.

ತೆರಿಗೆ ವಸೂಲಿಯ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದ ಲವಾಸಿಯೇಯ ತಲೆಯನ್ನು ಕ್ರಾಂತಿಯ ಸರ್ಕಾರ 1794ರ ಮೇ 8ರಂದು ಕಡಿಸಿತು. ಅವನ ಎರಡು ಮಂಜಿನ ಪಾತ್ರೆಗಳು ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ಉಳಿದಿವೆ.

ನನ್ನ ರೆಕಾರ್ಡನ್ನು ರದ್ದಿಗೆ ಹಾಕಲಿಲ್ಲ. 57 ಅಂತ ಇದ್ದ ಕಡೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ, ಪಕ್ಕದಲ್ಲಿ 51 ಅಂತ ಬರೆದಿಟ್ಟಿದ್ದೇನೆ. ಮಾರ್ಕ್ಸ್ ವಾಪಸ್ ಕೇಳೋರು ಯಾರೂ ಇಲ್ಲ ಅನ್ನೋ ಧೈರ್ಯ :) ನೀವೂ ಹೀಗೆ ರೀಡಿಂಗ್ ಬೇಯಿಸಿದ್ದುಂಟಾ? ಯಾವ ಪ್ರಯೋಗದಲ್ಲಿ? ಒಪ್ಪಿಕೊಂಡುಬಿಡಿ, ಹಗುರ ಆಗುತ್ತೆ.