ಸಾಲವೋ, ಋಣವೋ?

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬರು ನನಗೊಂದು ಶಾಲು ಕಳುಹಿಸಿ, ಜೊತೆಗಿದ್ದ ಚೀಟಿಯಲ್ಲಿ ಗುರುಗಳ ಋಣ ತೀರಿಸಲಾಗದೆಂದು ಬರೆದಿದ್ದರು. ನಾನು ಮರುದಿನವೇ ಅವರಿಗೊಂದು ಪುಸ್ತಕವನ್ನು ಅಂಚೆಗೆ ಹಾಕಿ ನಿರಾಳನಾದೆ. ಅವರು ಕ್ರೈಸ್ತರು. ಅವರ ಚೀಟಿ ನನಗೆ ಹಳೆಯದೊಂದು ಪ್ರಶ್ನೆಯನ್ನು ನೆನಪಿಸಿತು: ಕ್ರೈಸ್ತನು ದೇವರಿಗೆ ಸಲ್ಲಿಸುವ ಕೃತಜ್ಞತೆ ತೀರಿಸಬೇಕಾದ ಸಾಲವೇ?

ಸಾಲದ ಮಾತು ಆ ಧರ್ಮದ ಬೇರಿನಲ್ಲಿಯೇ ಇದೆ. ಯೇಸುವಿನ ಆಡುಭಾಷೆಯಾದ ಅರಮಾಯಿಕ್‌ನಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದವಿತ್ತು. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಯೇಸು ಕಲಿಸಿದ ಪ್ರಾರ್ಥನೆಯು ‘ಸಾಲ’ಗಳ ಕ್ಷಮೆಯನ್ನು ಬೇಡುತ್ತದೆ, ಲೂಕನಲ್ಲಿ ಅದು ‘ಪಾಪ’ಗಳಾಗಿದೆ.

ಈ ಮಾತನ್ನು ಲೆಕ್ಕದ ಕಟ್ಟುನಿಟ್ಟಿಗೆ ತಂದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್. ದೊರೆಯೊಡನೆ ವಿರಸವಾಗಿ ಇಂಗ್ಲೆಂಡನ್ನು ತೊರೆದಿದ್ದ ಆತ, 1098ರಲ್ಲಿ ಇಟಲಿಯಲ್ಲಿ, ದೇವರು ಏಕೆ ಮನುಷ್ಯನಾದನೆಂಬ ಪ್ರಶ್ನೆಯನ್ನೇ ಹೆಸರಾಗಿಸಿಕೊಂಡ ಲ್ಯಾಟಿನ್ ಸಂವಾದವೊಂದನ್ನು ಮುಗಿಸಿದ. ಅಲ್ಲಿ ಶಿಷ್ಯ ಬೋಸೊ, ಪಶ್ಚಾತ್ತಾಪ, ಉಪವಾಸ, ವಿಧೇಯತೆಗಳಿಂದ ಪಾಪದ ಸಾಲ ತೀರಿಸಬಹುದೆಂದು ನಂಬಿದ್ದಾನೆ. ಗುರುವಿನ ಉತ್ತರ ನಿರ್ದಯವಾದುದು: ಪಾಪ ಮಾಡದಿದ್ದರೂ ಇಷ್ಟನ್ನೂ ನೀನು ದೇವರಿಗೆ ಸಲ್ಲಿಸಬೇಕಾಗಿತ್ತಲ್ಲ, ಹೆಚ್ಚಿಗೆ ಕೊಟ್ಟದ್ದೇನು? (ನಾವು ಮೇಷ್ಟರುಗಳೂ ಹೀಗೆ ಮಕ್ಕಳ ಬಾಯಿ ಕಟ್ಟಿದ್ದುಂಟು.) ಆದ್ದರಿಂದ ಆ ಸಾಲವನ್ನು ಕ್ರಿಸ್ತನೇ ತೀರಿಸಬೇಕಾಯಿತು.

ಹಾಗಾದರೆ, ತೀರಿದ ಮೇಲೆ ಉಳಿಯುವ ಕೃತಜ್ಞತೆ ಏನು? ಅದೂ ಸಾಲವೆಂದರೆ ಕೃಪೆಯೆಂಬ ಮಾತು ಪೊಳ್ಳಾಗುತ್ತದೆ. ಸಾಲವೇ ಅಲ್ಲವೆಂದರೆ ಕೃತಘ್ನನನ್ನು ದೂರುವುದು ಹೇಗೆ?

13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಇಲ್ಲಿ ಗೆರೆ ಎಳೆದ. ಕಾನೂನಿನ ಸಾಲ ಬೇರೆ, ನೈತಿಕವಾದ ಋಣ ಬೇರೆ. ಕೃತಜ್ಞತೆ ಎರಡನೆಯದು, ಪ್ರೀತಿಯಿಂದ ಹುಟ್ಟುವ ಅದು ಸಲ್ಲಿಸಿದಷ್ಟೂ ಬೆಳೆಯುತ್ತದೆ. ಮುಂದೆ ಲೂಥರ್ 1520ರಲ್ಲಿ, ಸತ್ಕಾರ್ಯವು ಮುಕ್ತಿಯ ಬೆಲೆಯಲ್ಲ, ಅದನ್ನು ಪಡೆದವನ ಸಂತೋಷವೆಂದ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯು ಧರ್ಮನಿಯಮಗಳನ್ನೂ ಪ್ರಾರ್ಥನೆಯನ್ನೂ ಕೃತಜ್ಞತೆಯೆಂಬ ಭಾಗದಲ್ಲಿಯೇ ಇರಿಸಿತು.

ನನಗೆ ಥಾಮಸನ ಗೆರೆಯೇ ಒಪ್ಪಿಗೆ. ಕನ್ನಡಿಗರಿಗೆ ಅದು ಕಷ್ಟವೂ ಅಲ್ಲ. ನಿಘಂಟಿನಲ್ಲಿ ಸಾಲ, ಋಣ ಒಂದೇ ಆದರೂ ಬಳಕೆಯಲ್ಲಿ ಹಾಗಿಲ್ಲ. ಸಾಲಕ್ಕೆ ಪತ್ರವುಂಟು, ಬಡ್ಡಿಯುಂಟು. ಅನ್ನದ ಋಣಕ್ಕೆ ಬಡ್ಡಿ ಕಟ್ಟಿದವರನ್ನು ನಾನು ಕಂಡಿಲ್ಲ.

ಆದರೆ ಥಾಮಸನು ರೋಮಿನ ಸೆನೆಕನಿಂದ ಎತ್ತಿಕೊಂಡ ಇನ್ನೊಂದು ಮಾತಿದೆ: ಪಡೆದ ಉಡುಗೊರೆಗೆ ಆತುರದಿಂದ ಪ್ರತಿ ಉಡುಗೊರೆ ಕೊಡುವವನು, ಮನಸ್ಸಿಲ್ಲದೆ ಋಣದಲ್ಲಿರುವವನು; ಆದ್ದರಿಂದ ಕೃತಘ್ನ. ಇದನ್ನು ಓದುವಾಗ ಮರುದಿನವೇ ಅಂಚೆಗೆ ಹಾಕಿದ ಆ ಪುಸ್ತಕ ನೆನಪಾಯಿತು. ಶಾಲನ್ನು ಇನ್ನೂ ಹೊದ್ದಿರಲಿಲ್ಲ.