ಗೋಲಿ ಮಾಡಿದವರು ಯಾರು?

ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಗೋಟಿ ಆಡದೆ ದೊಡ್ಡವರಾದವರು ಕಡಿಮೆ. ಪುಸ್ತಕದಲ್ಲಿ ಗೋಲಿ ಅಂತ ಬರೀತಾರ, ಆಡುವಾಗ ನಾವು ಗೋಟಿ ಅಂತೀವಿ. ಆಡಿದ್ದು ಎಲ್ಲರಿಗೂ ನೆನಪೈತಿ, ಆದರೆ ಅದನ್ನು ಮಾಡಿದವರು ಯಾರು ಅಂತ ಯಾರೂ ಕೇಳಿದ್ದಿಲ್ಲ. ನಮ್ಮ ಹಳೇ ಮನೆಯ ಮಾಳಿಗಿ ಬಿಚ್ಚುವ ತನಕ ನಾನೂ ಕೇಳಿದ್ದಿಲ್ಲ.

ಮಾಳಿಗಿ ಬಿಚ್ಚುವಾಗ ಗೋಡೆಯ ಮಾಡದೊಳಗೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರಲ್ಲಿ 23 ಗಾಜಿನ ಗೋಲಿಗಳಿದ್ದವು. ಮುತ್ತಜ್ಜ ಸೋಲಾಪುರದ ಗಿರಣಿಯಲ್ಲಿ ದುಡಿಯುವಾಗ ತಂದವು ಅಂತ ಮನೆಯವರು ಅಂದರು. ಬಾಜೂ ಮನೆ ಕಾಕಾ ಕೈಯಲ್ಲಿ ಹಿಡಿದು ನೋಡಿ, "ತಮ್ಮಾ, ಇವು ಜರ್ಮನಿ ಮಾಲು. ಈಗ ಒಂದೊಂದಕ್ಕ ಸಾವಿರಗಟ್ಟಲೆ ರೊಕ್ಕ ಬರ್ತಾವ, ಮಾರಬ್ಯಾಡ" ಅಂದರು. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೂ ಜರ್ಮನ್ ಅಂತಾರ. ಹೊರಗಿನಿಂದ ಬಂದದ್ದೆಲ್ಲಾ ಜರ್ಮನ್. ಆದರೂ ಕಾಕಾನ ಮಾತು ನನ್ನ ತಲೆಯಲ್ಲಿ ಉಳಿಯಿತು. ಎಲ್ಲಕ್ಕಿಂತ ದೊಡ್ಡದೊಂದು ಗೋಲಿ ಮಬ್ಬಾಗಿತ್ತು. ಅದನ್ನು ಫರಶಿ ಪಾಲಿಶ್ ಮಾಡುವವರ ಹತ್ತಿರ ಒಯ್ದು ಹೊಳಪು ಮಾಡಿಸಿಕೊಂಡು ಬಂದೆ. ಆ ಕೆಲಸದ ಮಾತು ಕೊನೆಗೆ ಹೇಳುತ್ತೇನೆ. ಮೊದಲು ಗೋಲಿಯ ಚರಿತ್ರೆ.

ಕಾಕಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗಾಜಿನ ಗೋಲಿಯ ದೊಡ್ಡ ತವರು ಜರ್ಮನಿಯೇ. ಅಲ್ಲಿನ ಥುರಿಂಜಿಯಾ ಎಂಬ ಗುಡ್ಡಗಾಡು ಸೀಮೆಯಲ್ಲಿ ಲೌಶಾ ಅಂತ ಊರಿದೆ. ಅಲ್ಲಿ 1597ರಲ್ಲಿ ಗಾಜಿನ ಭಟ್ಟಿ ಹೂಡಿದರು. ಗೊಂಬೆಯ ಕಣ್ಣು, ಮಣಿ, ಕ್ರಿಸ್ಮಸ್ ಗಿಡಕ್ಕೆ ಕಟ್ಟುವ ಗಾಜಿನ ಗುಂಡು, ಇವೆಲ್ಲ ಅಲ್ಲಿಂದ ಹೊರಟವು. 1840ರ ದಶಕದಲ್ಲಿ ಅಲ್ಲಿ ಗೋಲಿಗೆಂದೇ ಒಂದು ಕತ್ತರಿ ಹುಟ್ಟಿತು. ಅದರ ಒಂದು ತುದಿಗೆ ಸಣ್ಣ ಬಟ್ಟಲಿನಂಥ ಅಚ್ಚು, ಇನ್ನೊಂದು ಕಡೆ ಕತ್ತರಿಸುವ ಅಲಗು.

ಕೆಲಸದ ರೀತಿ ಹೀಗಿತ್ತು. ಮೊದಲು ಬಣ್ಣದ ಗಾಜಿನ ಎಳೆಗಳನ್ನು ತಿಳಿಗಾಜಿನೊಳಗೆ ಕೂಡಿಸಿ, ಕಾಸಿ, ಉದ್ದಕ್ಕೆ ಎಳೆದು ಕೋಲು ಮಾಡುತ್ತಿದ್ದರು. ಕೋಲಿನ ತುದಿ ಮೆತ್ತಗಾದಾಗ ಅದನ್ನು ಕತ್ತರಿಯ ಬಟ್ಟಲಿನಲ್ಲಿ ಹಿಡಿದು ತಿರುವಿದರೆ ಗುಂಡಗಾಗುತ್ತಿತ್ತು. ಕೋಲು ತಿರುವಿದಂತೆ ಒಳಗಿನ ಬಣ್ಣದ ಎಳೆಗಳೂ ಹುರಿ ಹೊಸೆದಂತೆ ತಿರುಗುತ್ತಿದ್ದವು. ಆಮೇಲೆ ಕತ್ತರಿಸಿ ಬೇರೆ ಮಾಡುತ್ತಿದ್ದರು. ಕತ್ತರಿಸಿದ ಜಾಗದಲ್ಲಿ ಒರಟು ಗಾಯ ಉಳಿಯುತ್ತಿತ್ತು. ಕೋಲಿನ ನಡುವಿನಿಂದ ತೆಗೆದ ಗೋಲಿಗೆ ಮೇಲೊಂದು ಕೆಳಗೊಂದು, ಹೀಗೆ ಎರಡು ಗಾಯ. ಬಣ್ಣದ ಎಳೆಗಳು ಒಂದು ಗಾಯದಿಂದ ಹೊರಟು ಇನ್ನೊಂದಕ್ಕೆ ಹೋಗಿ ಮುಟ್ಟುತ್ತವೆ.

ಹಳೇ ಗೋಲಿ ಪರೀಕ್ಷೆ ಮಾಡುವವರು ಮೊದಲು ನೋಡುವುದು ಈ ಗಾಯವನ್ನೇ. ಬೆರಳಿನಿಂದ ಸವರಿದರೂ ತಿಳಿಯುತ್ತದೆ. ಗಾಯ ಇದ್ದರೆ ಅದು ಕೈಯಿಂದ ಮಾಡಿದ್ದು. ಆದರೆ ಯಾವ ಕೈ? ಅದು ತಿಳಿಯುವುದಿಲ್ಲ. ಲೌಶಾ ಸುತ್ತಿನ ಮನೆಗಳಲ್ಲಿ ಸಂಸಾರದವರೆಲ್ಲ ಗಾಜಿನ ಕೆಲಸಕ್ಕೆ ಕೂಡುತ್ತಿದ್ದರು. ಮಾಡಿದ ಮಾಲಿನ ಮೇಲೆ ಯಾರೂ ಹೆಸರು ಬರೆಯಲಿಲ್ಲ. ಆದ್ದರಿಂದ ಅಂಥ ಗೋಲಿಯನ್ನು ಜರ್ಮನಿಯದು ಅನ್ನಬಹುದು, ಇಂಥವರದು ಅನ್ನುವ ಹಾಗಿಲ್ಲ.

ಇಪ್ಪತ್ತನೇ ಶತಮಾನದ ಆರಂಭಕ್ಕೆ ಕಥೆ ಅಮೇರಿಕಾಕ್ಕೆ ಹೋಗುತ್ತದೆ. ಒಹಾಯೋ ರಾಜ್ಯದ ಅಕ್ರಾನ್ ಊರಿನಲ್ಲಿ ಮಾರ್ಟಿನ್ ಕ್ರಿಸ್ಟೆನ್ಸನ್ ಎಂಬಾತ ಗೋಲಿ ಉರುಳಿಸುವ ಯಂತ್ರ ಕಟ್ಟಿದ. 1905ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕಾದ ಗಾಜಿನ ಮುದ್ದೆ ತಿರುಗುವ ಗಾಲಿಗಳ ಕೊರಕಲಿನಲ್ಲಿ ಉರುಳುತ್ತಾ ಗುಂಡಗಾಗುತ್ತಿತ್ತು, ಗಾಯವೂ ಮಾಯುತ್ತಿತ್ತು. ಆದರೆ ಭಟ್ಟಿಯಿಂದ ಗಾಜು ಎತ್ತುವುದು ಇನ್ನೂ ಮನುಷ್ಯನ ಕೆಲಸ. ಕಬ್ಬಿಣದ ಸರಳಿನಿಂದ ಗಾಜು ಎತ್ತಿ, ಮಣಿಕಟ್ಟು ತಿರುವಿ ಕೆಳಗೆ ಇಳಿಬಿಡುತ್ತಿದ್ದ. ಹಾಗೆ ತಿರುವಿದ್ದರಿಂದ ಗೋಲಿಯ ಒಂದು ತುದಿಗೆ ಇಂಗ್ಲಿಷಿನ 9 ಅಂಕಿಯಂಥ ಸುಳಿ ಬೀಳುತ್ತಿತ್ತು, ಇನ್ನೊಂದು ತುದಿಗೆ ಬಾಲದಂಥ ಗೆರೆ. ಇಂದಿಗೂ ಕ್ರಿಸ್ಟೆನ್ಸನ್ ಗೋಲಿಯನ್ನು ಈ ಸುಳಿಯಿಂದಲೇ ಗುರುತು ಹಿಡಿಯುತ್ತಾರೆ. ಯಂತ್ರದ ಗೋಲಿಯಲ್ಲಿ ಉಳಿದ ಕೂಲಿಕಾರನ ಮಣಿಕಟ್ಟಿನ ಗುರುತು ಅದು. ಅವನ ಹೆಸರು ಮಾತ್ರ ಉಳಿಯಲಿಲ್ಲ.

ಅಕ್ರಾನಿನಲ್ಲೇ 1910ರ ಹೊತ್ತಿಗೆ ಅಕ್ರೋ ಆಗೇಟ್ ಅಂತ ಇನ್ನೊಂದು ಕಂಪನಿ ಹುಟ್ಟಿತು. ಮೊದಮೊದಲು ಇವರು ಗೋಲಿ ಮಾಡುತ್ತಿರಲೇ ಇಲ್ಲ. ಕ್ರಿಸ್ಟೆನ್ಸನ್ ಗೋಲಿಗಳನ್ನು ಕೊಂಡು, ತಮ್ಮ ಹೆಸರಿನ ಡಬ್ಬಿಗೆ ತುಂಬಿ ಮಾರುತ್ತಿದ್ದರು. ಹೀಗಾಗಿ ಹಳೇ ಡಬ್ಬಿ ಸಿಕ್ಕರೂ ಅದರ ಮೇಲಿನ ಹೆಸರು ಮಾರಿದವರದೋ ಮಾಡಿದವರದೋ ಅಂತ ಕೇಳಲೇಬೇಕು. 1914ರಲ್ಲಿ ಅಕ್ರೋದವರು ಪಶ್ಚಿಮ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಿಗೆ ಹೋದರು. ಭಟ್ಟಿ ಉರಿಸುವ ಗ್ಯಾಸು, ಗಾಜಿಗೆ ಬೇಕಾದ ಮರಳು ಆ ಸೀಮೆಯಲ್ಲಿ ಸಲೀಸಾಗಿ ಸಿಗುತ್ತಿದ್ದವು. ಅದೇ ವರ್ಷ ಮಹಾಯುದ್ಧ ಶುರುವಾಗಿ ಜರ್ಮನಿಯ ಮಾಲು ಬರುವುದು ನಿಂತಿತು. ಇತ್ತ ಕ್ರಿಸ್ಟೆನ್ಸನ್ ಕಾರ್ಖಾನೆ ಯುದ್ಧಕಾಲದಲ್ಲಿ ಗ್ಯಾಸು ಸಿಗದೆ 1917ರಲ್ಲಿ ಮುಚ್ಚಿತು. ಪೇಟೆ ಅಕ್ರೋದವರ ಕೈಗೆ ಬಂತು. ಗಾಜು ಬೀಳುವಾಗಲೇ ತಿರುಗಿಸುವ ಉಪಾಯ ಅವರದು. ಅದರಿಂದ ಬಣ್ಣದ ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬಳ್ಳಿ ಸುತ್ತಿದ ಹಾಗೆ ಸುತ್ತುತ್ತದೆ. ಅಂಥ ಸುತ್ತುಪಟ್ಟಿ ಕಂಡರೆ ಅಕ್ರೋ ಅಂತ ಗುರುತು ಹಿಡಿಯುತ್ತಾರೆ. ಆ ಕಂಪನಿ 1951ರಲ್ಲಿ ಮುಚ್ಚಿತು.

ಇಲಿನಾಯ್ ರಾಜ್ಯದ ಪೆಲ್ಟಿಯರ್ ಕಂಪನಿಯವರು ಗೋಲಿಯ ಮೇಲೆ ಪತ್ರಿಕೆಗಳ ವ್ಯಂಗ್ಯಚಿತ್ರದ ಮುಖಗಳನ್ನು ಅಚ್ಚು ಹಾಕಿದರು. ಆ ಗೋಲಿಯಲ್ಲಿ ಚಿತ್ರದ ಪಾತ್ರದ ಹೆಸರು ಐತಿ, ಮಾಡಿದವರ ಹೆಸರಿಲ್ಲ!

ಹಂಗಾರ ಇಂಥ ಗೋಲಿ ಇಂಥ ಕಾರ್ಖಾನೆಯದು ಅಂತ ಹೇಳುವುದು ಹೆಂಗ? ಅಲ್ಲಿನವರು ಮುಚ್ಚಿದ ಕಾರ್ಖಾನೆಗಳ ಹಿತ್ತಲು ಅಗೆದರು. ಕೆಟ್ಟ ಗೋಲಿ, ಒಡೆದ ಗಾಜು ಚೆಲ್ಲಿದ ಜಾಗದಲ್ಲಿ ಸಿಕ್ಕ ಚೂರುಗಳ ಬಣ್ಣ, ಪಟ್ಟಿ, ಕತ್ತರಿಸಿದ ಗೆರೆ ನೋಡಿ, ಕೈಯಲ್ಲಿದ್ದ ಗೋಲಿಗಳ ಜೊತೆ ಹೋಲಿಸಿದರು. ಬಣ್ಣ ಒಂದನ್ನೇ ನಂಬುವ ಹಾಗಿಲ್ಲ. ಕೆಲವು ಗೋಲಿ ನೇರಳಾತೀತ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತವೆ, ಏಕೆಂದರೆ ಆ ಗಾಜಿನಲ್ಲಿ ಯುರೇನಿಯಂ ಇರುತ್ತದೆ. ಆದರೆ ಅಂಥ ಗಾಜನ್ನು ಹಲವರು ಬಳಸಿದ್ದಾರೆ. ಹೊಳೆದ ಮಾತ್ರಕ್ಕೆ ಮಾಡಿದವರು ಸಿಗುವುದಿಲ್ಲ.

ಇಷ್ಟು ತಿಳಿದುಕೊಂಡು ನಮ್ಮ ಡಬ್ಬಿಯನ್ನು ಮತ್ತೆ ಮುಂದೆ ಇಟ್ಟುಕೊಂಡೆ. ಕಾಗದ ಹಾಸಿ, ಹಗಲು ಬೆಳಕಿನಲ್ಲಿ ಒಂದೊಂದೇ ನೋಡಿದೆ.

ಒಂಬತ್ತು ಗೋಲಿ ಬಣ್ಣವಿಲ್ಲದೆ ತುಸು ಹಸಿರಿನವು. ಇವು ಸೋಡಾ ಬಾಟ್ಲಿ ಗೋಲಿಗಳು. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಪಡೆದ ಬಾಟ್ಲಿ ಅದು. ಒಳಗಿನ ಗ್ಯಾಸು ಗೋಲಿಯನ್ನು ಮೇಲಕ್ಕೆ ಒತ್ತಿ ಕತ್ತಿನ ರಬ್ಬರ್ ಬಳೆಗೆ ಅಂಟಿಸಿ ಬಾಯಿ ಮುಚ್ಚುತ್ತದೆ. ಬಾಟ್ಲಿ ಒಡೆಯದೆ ಗೋಲಿ ಹೊರಗೆ ಬರುವುದಿಲ್ಲ. ಅಂದ್ರ ನಮ್ಮ ಮನೆಯಲ್ಲಿ ಯಾರೋ ಒಂಬತ್ತು ಬಾಟ್ಲಿ ಒಡೆದ ಹುಡುಗರು ಇದ್ದರು ಅಂತಾಯಿತು! ಆ ಬಾಟ್ಲಿ ಇಂದಿಗೂ ನಡೆಯುತ್ತಿರುವುದರಿಂದ ಈ ಗೋಲಿಗಳ ಕಾಲ ಹೇಳಲಿಕ್ಕೆ ಬರುವುದಿಲ್ಲ.

ಹನ್ನೊಂದು ಗೋಲಿಗಳ ನಡುವೆ ಬೆಕ್ಕಿನ ಕಣ್ಣಿನಂಥ ಬಣ್ಣದ ಎಸಳು. ಈ ನಮೂನೆ ಜಪಾನಿನಿಂದ 1950ರ ಸುಮಾರಿಗೆ ಪೇಟೆಗೆ ಬಂತು. ಆಮೇಲೆ ಅಮೇರಿಕಾದವರು, ಬೇರೆ ದೇಶದವರೂ ಮಾಡಿದರು. ನಮ್ಮ ಮುತ್ತಜ್ಜ ತೀರಿಕೊಂಡದ್ದು 1943ರಲ್ಲಿ. ಅಂದಮೇಲೆ ಇವನ್ನು ಅವರು ತಂದಿರಲು ಸಾಧ್ಯವಿಲ್ಲ. ನಮ್ಮ ಅಪ್ಪನೋ ದೊಡ್ಡಪ್ಪನೋ ಆಡಿ ಇಟ್ಟವು. ಇದನ್ನು ಹೇಳಿದಾಗ ಮನೆಯಲ್ಲಿ ಒಬ್ಬಿಬ್ಬರಿಗೆ ಬೇಜಾರಾಯಿತು.

ಇನ್ನೆರಡು ಬಿಳಿ ಸುಳಿಯ ಕಂದು ಗೋಲಿ. ಗಾಯವಿಲ್ಲ, ಹಾಗಾಗಿ ಯಂತ್ರದವು. ಅಲ್ಲಿಗೆ 22 ಆದವು.

ಉಳಿದದ್ದು ಆ ದೊಡ್ಡ ಗೋಲಿ. ತಿಳಿಗಾಜಿನೊಳಗೆ ಕೆಂಪು, ಬಿಳಿ, ನೀಲಿ ಎಳೆಗಳು ಹುರಿಯಂತೆ ತಿರುಗಿ ತುದಿಯಿಂದ ತುದಿಗೆ ಹೋಗಿವೆ. ಮುತ್ತಜ್ಜನ ಕಾಲದ್ದು, ಕೈಯಿಂದ ಮಾಡಿದ್ದು, ಕಾಕಾ ಹೇಳಿದ ಜರ್ಮನಿಯದು ಆಗಬಹುದಾಗಿದ್ದದ್ದು ಇದೊಂದೇ. ಆದರೆ ಎಳೆಗಳು ಕೂಡುವ ಎರಡೂ ತುದಿ ಈಗ ಕನ್ನಡಿಯಂತೆ ನುಣ್ಣಗಿವೆ. ಪಾಲಿಶ್ ಮಾಡಿದವರ ತಪ್ಪಲ್ಲ, ಅವರು ನಾನು ಹೇಳಿದ್ದನ್ನು ಮಾಡಿದರು. ಗಾಯ ಇತ್ತೋ ಇಲ್ಲವೋ ಅಂತ ನೆನಪು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ಒರಟಾಗಿತ್ತು ಅಂತ ನೆನಪು. ಆದರೆ ಇದನ್ನೆಲ್ಲ ಓದಿದ ಮೇಲೆ ಹುಟ್ಟಿದ ನೆನಪನ್ನು ಸಾಕ್ಷಿ ಅನ್ನಲು ಮನಸ್ಸು ಒಪ್ಪುವುದಿಲ್ಲ. ಹಳೇ ಗೋಲಿ ಕೂಡಿಸುವವರು ಪಾಲಿಶ್ ಮಾಡಿದ ಗೋಲಿಗೆ ಕಡಿಮೆ ಬೆಲೆ ಕಟ್ಟುತ್ತಾರೆ. ಬೆಲೆ ಹೋದದ್ದು ದೊಡ್ಡದಲ್ಲ. ಅದನ್ನು ಮಾಡಿದವರು ಬಿಟ್ಟುಹೋದ ಒಂದೇ ಒಂದು ಗುರುತನ್ನು ನಾನು ರೊಕ್ಕ ಕೊಟ್ಟು ಅಳಿಸಿದೆ.

ನಮ್ಮ ಊರುಗಳಲ್ಲಿ ವೀರಗಲ್ಲಿಗೆ ಎಣ್ಣೆಬಣ್ಣ ಬಳಿಯುತ್ತೇವೆ, ಹಳೇ ತಾಮ್ರದ ಪಾತ್ರೆಯನ್ನು ಅಕ್ಷರ ಸವೆಯುವಂತೆ ಉಜ್ಜುತ್ತೇವೆ. ಚಂದ ಮಾಡುವ ಆಸೆಯಿಂದಲೇ ಮಾಡುತ್ತೇವೆ. ಗುರುಗಳಲ್ಲಿ ಒಂದು ವಿನಂತಿ. ಮಕ್ಕಳು ಹಳೇ ವಸ್ತು ತಂದು ತೋರಿಸಿದರೆ ಅದನ್ನು ಉಜ್ಜಲು ಬಿಡಬೇಡಿರಿ. ಎಲ್ಲಿ ಸಿಕ್ಕಿತು, ಯಾರ ಮನೆಯದು, ಜೊತೆಗೆ ಏನಿತ್ತು ಅಂತ ಮೊದಲು ಬರೆಸಿರಿ.

ಡಬ್ಬಿಯನ್ನು ನಮ್ಮ ವಾಚನಾಲಯದ ಕಪಾಟಿನಲ್ಲಿ ಇಟ್ಟಿದ್ದೇನೆ. ಯಾರು ಬೇಕಾದರೂ ನೋಡಬಹುದು. ದೊಡ್ಡ ಗೋಲಿಯ ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: "ಪಾಲಿಶ್ ಮಾಡಿಸಿದ್ದು. ಮಾಡಿದವರು ಯಾರು ಅಂತ ಇನ್ನು ಹೇಳಲು ಬರುವುದಿಲ್ಲ."