ಹೆಸರುಳ್ಳ ಕಲ್ಲು, ಹೆಸರಿಲ್ಲದ ರಾಗಿಕಲ್ಲು: ಹಳೆ ಮೈಸೂರು ಸೀಮೆಯ ವಸ್ತುಸಂಗ್ರಹಾಲಯ ಚರಿತ್ರೆಯ ಒಂದು ಎಳೆ

ಮಾಗಡಿ ಸೀಮೆಯ ಸೋಲೂರಿನವರು ತಮ್ಮ ನಾಡಿನ ಪರಂಪರೆಯನ್ನು ವಸ್ತುಸಂಗ್ರಹಾಲಯದಲ್ಲಿ ನೋಡಬೇಕೆಂದರೆ ಎರಡು ದಾರಿಗಳಿವೆ. ಮಂಗಳೂರು ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಬೆಂಗಳೂರು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಮಾಗಡಿ ದಾಟಿ ದಕ್ಷಿಣಕ್ಕಿಳಿದರೆ ರಾಮನಗರದ ಬಳಿಯ ಜಾನಪದ ಲೋಕ. ಮೊದಲನೆಯದು 1865ರಲ್ಲಿ ಹುಟ್ಟಿತು, ಎರಡನೆಯದು 1994ರಲ್ಲಿ. ಈ ನಡುವೆ, ಕಾಪಿಡಲು ಯೋಗ್ಯವಾದದ್ದು ಯಾವುದೆಂಬ ತೀರ್ಮಾನ ಬಹಳ ಬದಲಾಯಿತು. ಆ ಬದಲಾವಣೆಯಲ್ಲಿ ದಕ್ಕಿದ್ದೇನು, ಕೈಜಾರಿದ್ದೇನು ಎಂಬುದನ್ನು ಇಲ್ಲಿ ನೋಡಬೇಕಿದೆ.

ಬೆಂಗಳೂರಿನ ಸಂಗ್ರಹಾಲಯದ ಹಿಂದಿದ್ದವನು ಎಡ್ವರ್ಡ್ ಬಾಲ್ಫೋರ್ ಎಂಬ ಸೇನಾ ವೈದ್ಯ. 1851ರಲ್ಲಿ ಮದರಾಸಿನ ಸರ್ಕಾರಿ ಮ್ಯೂಸಿಯಂ ಆರಂಭವಾದಾಗ ಅದರ ಹೊಣೆ ಹೊತ್ತವನೂ ಅವನೇ. ಬೆಂಗಳೂರಿನ ಸಂಗ್ರಹಾಲಯ ಹುಟ್ಟಿದಾಗ ಮೈಸೂರಿನ ಕಮಿಷನರ್ ಆಗಿದ್ದವನು ಲೂಯಿನ್ ಬೌರಿಂಗ್. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ 1877ರ ಹೊತ್ತಿನದು, ರಿಚರ್ಡ್ ಸ್ಯಾಂಕಿಯ ವಿನ್ಯಾಸ. ಮೊದಲು ಇದ್ದ ಜಾಗದ ಗುರುತಾಗಿ ಮ್ಯೂಸಿಯಂ ರಸ್ತೆಯ ಹೆಸರು ಮಾತ್ರ ಉಳಿದಿದೆ. ಆ ಕಾಲದ ಇಂಥ ಸಂಸ್ಥೆಗಳಿಗೆ ನಾಡೆಂದರೆ ಮೊದಲು ಅದರ ಖನಿಜ, ಮರಮುಟ್ಟು, ಪ್ರಾಣಿಪಕ್ಷಿ. ಶಿಲ್ಪ, ಶಾಸನಗಳಿಗೆ ಮಾನ ಹೆಚ್ಚಿದ್ದು ಶಾಸನತಜ್ಞ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳ ಕೆಲಸದೊಂದಿಗೆ. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ 1905ರಲ್ಲಿ ಬಂತು. ಮಾಗಡಿ ತಾಲ್ಲೂಕಿನ ಶಾಸನಗಳು ಕ್ರಮಸಂಖ್ಯೆ ಪಡೆದದ್ದು ಅದರಲ್ಲಿ. ಅದಕ್ಕೂ ಮುಂಚೆ ಮಾಗಡಿಯನ್ನು ದಾಖಲಿಸಿದ್ದು ಹೆಚ್ಚಾಗಿ ದಂಡಿನ ಜೊತೆ ಬಂದ ಕಣ್ಣುಗಳು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಬಳಿಯ ಸಾವನದುರ್ಗವನ್ನು ಹಿಡಿದಾಗ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್, 1794ರಲ್ಲಿ ಮೈಸೂರು ಸೀಮೆಯ ನೋಟಗಳ ಪುಸ್ತಕವನ್ನೇ ಪ್ರಕಟಿಸಿದ.

ಬೆಂಗಳೂರಿನ ಸಂಗ್ರಹದಲ್ಲಿ ನನ್ನ ದೃಷ್ಟಿಗೆ ಎಲ್ಲಕ್ಕಿಂತ ದೊಡ್ಡದು ಆತಕೂರಿನ ಕಲ್ಲು. ಮದ್ದೂರು ತಾಲ್ಲೂಕಿನಿಂದ ಬಂದದ್ದು, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಬಿದ್ದದ್ದನ್ನು ಇದು ಹೇಳುತ್ತದೆ. ಚರಿತ್ರೆಯ ಪುಸ್ತಕಗಳಿಗೆ ಅಷ್ಟು ಸಾಕು. ಆದರೆ ಕಲ್ಲಿನ ಕತೆ ಬೇರೆ. ಗಂಗರ ಬೂತುಗನ ಬಂಟ ಮಣಲೇರ, ತನ್ನ ಶೌರ್ಯಕ್ಕೆ ಮೆಚ್ಚಿದ ದೊರೆಯಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದನ್ನು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ನಡೆಯಬೇಕೆಂದೂ ಬರೆಸಿದರು. ಈಗ ಕಲ್ಲು ಗಾರೆಯ ನೆಲದ ಮೇಲಿದೆ. ಅಕ್ಷರ ಉಳಿಯಿತು, ಪೂಜೆ ನಿಂತಿತು. ಇದನ್ನು ನಷ್ಟವೆಂದು ಗೋಳಾಡುವುದು ಸುಲಭ. ಬಯಲಲ್ಲಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಮನಿಸಬೇಕಾದ್ದು ಮತ್ತೊಂದಿದೆ. ಈ ಕಲ್ಲು ತನ್ನ ವಿಳಾಸವನ್ನು ತಾನೇ ಹೊತ್ತು ತಂದಿದೆ. ಎಲ್ಲಿಗೆ ಒಯ್ದರೂ ಊರು, ವರ್ಷ, ಒಡೆಯ, ಕೊನೆಗೆ ನಾಯಿಯ ಹೆಸರೂ ಅದರ ಮೈಮೇಲಿವೆ. ಸಾವಿರ ವರ್ಷ ದಾಟಿದ ನಾಯಿಯ ಹೆಸರು ನಮಗೆ ಗೊತ್ತು. ಅರವತ್ತು ವರ್ಷದ ಹಿಂದೆ ರಾಗಿಕಲ್ಲು ತಿರುಗಿಸಿದ ಹೆಂಗಸಿನ ಹೆಸರು ಆ ರಾಗಿಕಲ್ಲಿನ ಮೇಲಿಲ್ಲ.

ರಾಗಿಕಲ್ಲು ಸಂಗ್ರಹಾಲಯಕ್ಕೆ ಬರಲು ಒಂದು ಶತಮಾನವೇ ಬೇಕಾಯಿತು. ಸ್ಟಾಕ್‌ಹೋಮಿನಲ್ಲಿ ಆರ್ಟುರ್ ಹಾಜೇಲಿಯಸ್ ಹಳ್ಳಿಯ ಮನೆಗಳನ್ನೇ ಬಿಚ್ಚಿ ತಂದು ಜೋಡಿಸಿ ಸ್ಕಾನ್ಸೆನ್ ಬಯಲು ಸಂಗ್ರಹಾಲಯವನ್ನು ತೆರೆದದ್ದು 1891ರಲ್ಲಿ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ದುಡಿಮೆ ಅದರ ಬೆನ್ನೆಲುಬು. ಹಿಟ್ಟಿನ ಗಿರಣಿ ಬಂದು ರಾಗಿಕಲ್ಲು ಮೂಲೆ ಸೇರಿತ್ತು, ಕರೆಂಟಿನ ಪಂಪು ಬಂದು ಏತ, ಕಪಿಲೆಗಳು ನಿಂತಿದ್ದವು. ಬಳಕೆ ತಪ್ಪಿದ್ದರಿಂದಲೇ ಅವು ಸಂಗ್ರಹಕ್ಕೆ ಸಿಕ್ಕವು.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ ಆಡಳಿತ ಸೇವೆಯ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಹದಿನೈದು ವರ್ಷದ ಮೇಲೆ ಮೈಸೂರು ರಸ್ತೆಯ ಬದಿಯ 15 ಎಕರೆಯಲ್ಲಿ ಜಾನಪದ ಲೋಕ ತೆರೆಯಿತು. ಲೋಕಮಹಲ್, ಲೋಕಮಾತಾ ಮಂದಿರ, ಚಿತ್ರಕುಟೀರ, ಶಿಲ್ಪಮಾಳ, ಆಯಗಾರಮಾಳ, ದೊಡ್ಡಮನೆ ಎಂದು ಅದರ ಭಾಗಗಳು. ಕೊನೆಯದು ಅವರ ಕಾದಂಬರಿಯ ಹೆಸರೂ ಹೌದು. ಇವುಗಳಲ್ಲಿ ಆಯಗಾರಮಾಳದ ಕಲ್ಪನೆ ನನಗೆ ಬಹಳ ಮುಖ್ಯವೆನಿಸುತ್ತದೆ. ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕರ ಕಸುಬಿನ ಸಾಮಾನು ಒಂದೆಡೆ ಸೇರಿದಾಗ ಕಾಣುವುದು ಊರೊಂದು ಕಣದ ರಾಗಿಯಲ್ಲಿ ಕೂಲಿ ಹಂಚಿಕೊಂಡ ಬಗೆ. ಆ ಹಂಚಿಕೆಯಲ್ಲಿ ಜಾತಿಯ ಮೇಲುಕೀಳೂ ಇತ್ತು. ಸಾಲಾಗಿ ಜೋಡಿಸಿಟ್ಟ ಚಿಮ್ಮಟ, ತಿಗರಿ ಅದನ್ನು ತಾವಾಗಿ ಹೇಳಲಾರವು.

ವಸ್ತುವಿನ ಈ ಮೌನಕ್ಕೆ ನಾಗೇಗೌಡರ ಬಳಿ ಒಂದು ಉತ್ತರವಿತ್ತು: ಧ್ವನಿಮುದ್ರಣ. ಸಾಮಾನಿನ ಜೊತೆ ಹಾಡು, ಕುಣಿತಗಳನ್ನೂ ಪರಿಷತ್ತು ಸಂಗ್ರಹಿಸಿತು. ಬೀಸುವ ಪದದಲ್ಲಿ ತವರು, ಅತ್ತೆಮನೆ, ರಾಗಿಕಲ್ಲು ಒಟ್ಟಿಗೇ ಬರುತ್ತವೆ. ಕಲ್ಲಿನ ಪಕ್ಕದಲ್ಲೇ ಆ ಪದ ಕೇಳಿಸಿದರೆ ಅದು ಶಾಸನದ ಕೆಲಸ ಮಾಡೀತು.

ತಂದಿಡಲಾಗದವೂ ಇವೆ. ಹಗೇವು ಎಂಬ ನೆಲದೊಳಗಿನ ಕಣಜವನ್ನೇ ತೆಗೆದುಕೊಳ್ಳಿ. ವರ್ಷಗಟ್ಟಲೆ ರಾಗಿ ಕೆಡದೆ ಇರುತ್ತಿದ್ದ ಗುಂಡಿ. ಬಾಯಿ ತೆರೆದ ಕೂಡಲೇ ಇಳಿದರೆ ಉಸಿರುಕಟ್ಟಿ ಸಾಯುವ ಭಯ. ಮಾದರಿ ಮಾಡಿಡಬಹುದು, ಗುಂಡಿಯನ್ನು ಹೊತ್ತು ತರಲಾಗದು.

ಕಾನೂನೂ ದಿನಬಳಕೆಯ ಸಾಮಾನಿನ ಕೈಹಿಡಿಯುವುದಿಲ್ಲ. 1972ರ ಪುರಾವಸ್ತು ಕಾಯಿದೆಗೆ ವಸ್ತು ನೂರು ವರ್ಷ ಹಳೆಯದಾಗಿರಬೇಕು, ಹಸ್ತಪ್ರತಿ, ದಾಖಲೆಗಳಿಗಾದರೆ 75 ವರ್ಷ. ಅಜ್ಜಿಯ ಕಾಲದ ಕೊಳಗ, ಸೇರು, ಕೂರಿಗೆಗಳು ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಇನ್ನೂ ಎಳೆಯವು, ಗುಜರಿಗೆ ಹಾಕಲು ಅಡ್ಡಿಯಿಲ್ಲ. ಆದ್ದರಿಂದ ಇವುಗಳ ಮಟ್ಟಿಗೆ ಸಂಗ್ರಹಾಲಯದ ದಾಖಲೆ ಪುಸ್ತಕವೇ ಮುಖ್ಯ ಆಕರ. ಯಾವ ಊರಿನ, ಯಾವ ಮನೆಯ ಸಾಮಾನು, ಮಾಡಿದವರು ಯಾರು, ಬಳಸಿದವರು ಯಾರು, ಯಾವ ವರ್ಷ ಏಕೆ ಬಿಟ್ಟರು ಎಂಬುದು ವಸ್ತು ಬಂದ ದಿನವೇ ಅದರಲ್ಲಿ ಏರಬೇಕು. ಮಾಗಡಿಯ ಶಾಸನಗಳಿಗೆ 1905ರಿಂದ ಸಂಖ್ಯೆಯಿದೆ. ಸೋಲೂರು ಹೋಬಳಿಯ ಮನೆಗಳ ಅಟ್ಟದಲ್ಲಿರುವ ಸಾಮಾನಿಗೂ ಅಂಥದೇ ಪಟ್ಟಿಯೊಂದನ್ನು ಶುರುಮಾಡಲು ಹೊಸ ಕಟ್ಟಡ ಬೇಕಾಗಿಲ್ಲ. ಬಳಸಿದವರು ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳುವವರು ಬೇಕು.